ಕೊಂಡಮ್ಮನ ಪಿಚ್ಚೋಡು

ಯಲ್ದೂರಿನ ಅಪ್ಪಾಜಪ್ಪನವರ ಮಾವಿನ ತೋಪಿಗೆ ಕೊಂಡಮ್ಮ ಹನ್ನೊಂದು ವರ್ಷ ಕಾವಲಿದ್ದಳು. ಗಂಡನಿಲ್ಲ; ಒಬ್ಬನೇ ಮಗ ಮುಳಬಾಗಿಲಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಮನೆಮಾತು ತೆಲುಗು, ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಿದ್ದಳು.

1977ರ ಜನವರಿಯಲ್ಲಿ ಅವಳ ನಾಯಿಯ ಮರಿಗಳಿಗೆ ಜ್ವರ ಬಂದು ಕಣ್ಣು ಮೂಗುಗಳಲ್ಲಿ ಕೀವು ಸುರಿಯಿತು. ಮೂರು ಸತ್ತವು. ಉಳಿದೊಂದರ ಮುಂಗಾಲೂ ದವಡೆಯೂ ಅದುರತೊಡಗಿದವು. ಶ್ರೀನಿವಾಸಪುರದ ದನದ ಆಸ್ಪತ್ರೆಯ ಡಾಕ್ಟರು ಪರೀಕ್ಷಿಸಿ, ಇದು ಡಿಸ್ಟೆಂಪರ್ ಎಂಬ ಅಂಟುರೋಗ, ಮಿದುಳಿಗೇರಿ ಉರಿಯೂತವಾಗಿದೆ, ಬದುಕಿದರೂ ಅದುರು ಉಳಿಯಬಹುದು, ಆದರೆ ಇದು ಹುಚ್ಚಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ್ದರು. ಮರಿ ಬದುಕಿತು. ಕೊಂಡಮ್ಮ ಅದನ್ನು ‘ಪಿಚ್ಚೋಡಾ’ ಎಂದು ಕರೆದಳು. ತೆಲುಗು ತಾಯಂದಿರು ಪೆದ್ದುಮಗನನ್ನು ಮುದ್ದಿನಿಂದ ಕರೆಯುವ ಮಾತದು. ಹುಚ್ಚನೆಂಬ ಅರ್ಥವೂ ಅದಕ್ಕಿದೆ, ಅದೇ ಮುಳುವಾಯಿತು.

1979ನೆಯ ಇಸವಿ ಜೂನ್ 14, ಗುರುವಾರ. ಕಾಯಿ ಕೊಳ್ಳಲು ಬಂದ ಮಾಲೂರಿನ ವ್ಯಾಪಾರಿ ಕೋದಂಡರಾಮಪ್ಪ, ದವಡೆ ಕಟಕಟಿಸುತ್ತಿದ್ದ ನಾಯಿಯನ್ನು ಕಂಡು ಹಿಂದೆ ಸರಿದ.

“ಹೆದರ್ಬೇಡಿ ಸಾಮಿ, ಅದು ಪಿಚ್ಚೋಡು. ಏನೂ ಮಾಡಲ್ಲ” ಎಂದಳು ಕೊಂಡಮ್ಮ.

ಅವನು ‘ಹುಚ್ಚುನಾಯಿ’ ಎಂದು ಕೂಗುತ್ತ ಊರೊಳಕ್ಕೆ ಓಡಿ, ದೊಣ್ಣೆ ಹಿಡಿದ ಗಂಡಸರನ್ನು ಕರೆತಂದ. ಗಲಾಟೆ ಕೇಳಿ ಅಪ್ಪಾಜಪ್ಪನವರೂ ಬಂದರು.

“ಏನಮ್ಮಾ, ನೀನೇ ತಾನೆ ಪಿಚ್ಚಿ ಅಂದಿದ್ದು?” ಎಂದ ದೊಣ್ಣೆ ಹಿಡಿದವನೊಬ್ಬ.

“ನನ್ ಮಗನ್ನೂ ಹಂಗೇ ಕರೀತೀನಿ. ಅವನ್ನೂ ಹೊಡೀತೀರೇನು?”

“ಬಾಯಿ ಹೆಂಗಾಡಿಸ್ತೈತೆ ನೋಡು.”

“ಎರಡು ವರ್ಷದಿಂದ ಆಡಿಸ್ತಾನೇ ಐತೆ. ಹುಚ್ಚು ಹಿಡಿದಿದ್ರೆ ಇಷ್ಟ್ ದಿನ ಬದುಕಿರ್ತಿತ್ತಾ? ಡಾಕ್ಟ್ರನ್ನ ಕೇಳ್ಕೊಂಡು ಬನ್ನಿ.”

ಒಬ್ಬನೂ ಹೋಗಲಿಲ್ಲ. ನಾಯಿಯ ಮಿದುಳಿಗೆ ಉರಿಯೂತ ಬರುವುದಕ್ಕೆ ಹುಚ್ಚಿನ ವಿಷವೊಂದೇ ಕಾರಣವಲ್ಲ. ಇಂಥ ಅಂಟುರೋಗಗಳಿವೆ, ಬೂಷ್ಟಿದೆ, ಕಣ್ಣಿಗೆ ಕಾಣದ ಪರೋಪಜೀವಿಗಳಿವೆ. ಕಾರಣವೇ ಸಿಕ್ಕದಿರುವುದೂ ಉಂಟು. ಇವೆಲ್ಲಕ್ಕೂ ನಮ್ಮವರಲ್ಲಿರುವುದು ಒಂದೇ ಪದ, ಒಂದೇ ದೊಣ್ಣೆ. ಆಸ್ಪತ್ರೆಯಿರುವ ತಾಲ್ಲೂಕಿನಲ್ಲಿ ವಿಚಾರಿಸುವ ವ್ಯವಧಾನವಿಲ್ಲದಿರುವುದು ಅಜ್ಞಾನವಲ್ಲ, ಉದ್ಧಟತನ.

ಅಪ್ಪಾಜಪ್ಪನವರು ಕೊನೆಗೆ, “ಹತ್ತು ದಿನ ಕಟ್ಟಿಹಾಕು. ಸಾಯದಿದ್ರೆ ನಿನ್ ಮಾತೇ ಸರಿ” ಎಂದರು.

ಪಂಪ್‌ಸೆಟ್ ಮನೆಯಲ್ಲಿ ಕಟ್ಟಿದ್ದಾಯಿತು. ಜೂನ್ 24, ಭಾನುವಾರ ಅವರು ಬಂದು ನೋಡಿದಾಗ ನಾಯಿ ಮುದ್ದೆ ತಿಂದು, ತಟ್ಟೆ ನೆಕ್ಕುತ್ತಿತ್ತು.

“ನಿಜ ಆಯ್ತಲ್ಲ ಸಾಮಿ?”

“ಆಯ್ತು ಕಣಮ್ಮ. ಆದ್ರೆ ಹುಚ್ಚುನಾಯಿ ತೋಪು ಅಂತ ಕೋದಂಡರಾಮಪ್ಪ ಮಂಡೀಲೆಲ್ಲ ಹೇಳ್ಬಿಟ್ಟವ್ನೆ. ಅದನ್ನ ಎಲ್ಲಾದ್ರೂ ಬಿಟ್ಬಾ. ನೀನಿರು.”

“ಸುಳ್ಳು ಹೇಳ್ದೋರ್ನ ಕೇಳಲ್ವಾ?”

“ವ್ಯಾಪಾರಸ್ಥನ್ನ ಏನಂತ ಕೇಳ್ಲಿ?”

ತೀರ್ಪು ನಾಯಿಯ ಪರ, ಶಿಕ್ಷೆಯೂ ನಾಯಿಗೇ. ಇದಕ್ಕೆ ನ್ಯಾಯವೆಂದು ಹೆಸರಿಟ್ಟವರಿಗೆ ಕೊಂಡಮ್ಮ ಉಪದೇಶ ಮಾಡಲಿಲ್ಲ.

“ಕಾವಲಿಗೆ ಬೇರೆಯೋರ್ನ ನೋಡ್ಕೊಳ್ಳಿ” ಎಂದು ಗುಡಿಸಲಿನಿಂದ ತನ್ನ ಗಂಟು ತಂದಳು. ಹಗ್ಗ ಬಿಚ್ಚಿ, ನಾಯಿಯೊಡನೆ ಮುಳಬಾಗಿಲಿನ ದಾರಿ ಹಿಡಿದಳು. ಅಪ್ಪಾಜಪ್ಪನವರು ತಡೆಯಲಿಲ್ಲ.