ಮೂರು ಹುಳದ ದಾರ

ನಮ್ಮ ಯಜಮಾನರು ಮೀನು ಹಿಡಿಯುತ್ತಾರೆ, ಆದರೆ ತಿನ್ನುವುದಿಲ್ಲ. ಹನುಮಂತನಗರದಲ್ಲಿ ಇದನ್ನು ಯಾರಿಗೆ ಹೇಳಿ ನಂಬಿಸುವುದು? ಎದುರುಮನೆ ಗೌರಮ್ಮ ಒಮ್ಮೆ, "ಏನ್ರೀ ಅಮ್ಮಣ್ಣಿ, ಏಕಾದಶಿ ದಿನಾನೂ ಹೋಗ್ತಾರಾ?" ಎಂದು ನಕ್ಕಳು. "ಮೀನಿಗೇನು ಏಕಾದಶಿ ಇದ್ಯಾ? ಅದಕ್ಕೂ ಹಸಿವಾಗತ್ತೆ" ಎಂದೆ. ಮನೆಯೊಳಗೆ ನಾನು ಅವರನ್ನು ಎಷ್ಟಾದರೂ ಬೈಯುತ್ತೇನೆ, ಹೊರಗಿನವರು ಒಂದು ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೆಸರು ಶ್ರೀನಿವಾಸ, ಎಲ್ಲರ ಬಾಯಲ್ಲೂ ಸೀನು. ಟೆಲಿಫೋನ್ ಕಚೇರಿಯಲ್ಲಿ ಕೇಬಲ್ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮಡಿಕೇರಿಗೆ ವರ್ಗವಾಗಿದ್ದಾಗ ಎಸ್ಟೇಟಿನವರೊಬ್ಬರು ಈ ಹುಚ್ಚು ಹಿಡಿಸಿದರು. ಇದು ಎರೆಹುಳ ಚುಚ್ಚಿ ದಡದಲ್ಲಿ ತೂಕಡಿಸುವ ಗಾಳವಲ್ಲ. ಕೊಕ್ಕೆಯ ಮೇಲೆ ದಾರ, ಗರಿ ಸುತ್ತಿ ಥೇಟ್ ನೊಣದಂತೆ ಕಾಣುವ ಹುಳ ಕಟ್ಟಬೇಕು. ಫ್ಲೈ ಎನ್ನುತ್ತಾರೆ, ನನಗೆ ಅದು ಹುಳವೇ. ಕೋಳಿಗರಿ ನಮ್ಮ ಹೊಸ್ತಿಲು ದಾಟಕೂಡದು ಎಂದು ನಾನು ಹಠ ಹಿಡಿದೆ. ಬೇರೆಯವರಾದರೆ ಜಗಳಕ್ಕೆ ನಿಲ್ಲುತ್ತಿದ್ದರು. ಇವರು ನನ್ನ ಡಬ್ಬಿಯಿಂದ ರೇಷ್ಮೆ ಎಳೆ ತೆಗೆದುಕೊಂಡರು, ದೇವರಮನೆಯ ನವಿಲುಗರಿಯಿಂದ ಒಂದಿಷ್ಟು ಕಿತ್ತುಕೊಂಡರು. ನಾನು ಜಯನಗರದ ಅಂಗಡಿಗಳಿಗೆ ಸೀರೆ ಸೆರಗಿನ ಕುಚ್ಚು ಕಟ್ಟಿಕೊಡುವವಳು. ನನ್ನ ಜರಿದಾರವನ್ನು ಹೊಟ್ಟೆಗೆ ಸುತ್ತಿಕೊಂಡ ಆ ಹುಳ ನೋಡಿ, ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಮೀನಿನ ಬಾಯಿಂದ ಅದು ಸುಲಭವಾಗಿ ಜಾರಬೇಕು, ಮೀನು ಮತ್ತೆ ನೀರಿಗೆ ಹೋಗಬೇಕು.

ಅವರ ನಿಜವಾದ ಕೈಚಳಕ ಒಂದೇ ದಾರಕ್ಕೆ ಮೂರು ಹುಳ ಕಟ್ಟುವುದರಲ್ಲಿ. ಗಾಳದ ದಪ್ಪ ದಾರದ ತುದಿಗೆ ಕಣ್ಣಿಗೆ ಕಂಡೂ ಕಾಣದಂಥ ನೈಲಾನ್ ಎಳೆ ಇರುತ್ತದೆ, ಅದಕ್ಕೆ ಲೀಡರ್ ಎಂದು ಹೆಸರು. ಅದನ್ನು ಹೂವಿನವಳ ಹಾಗೆ ಮೊಳ ಹಾಕಿ ಅಳೆದು, ಮೊಳಕ್ಕೊಂದು ಗಂಟು ಹಾಕುತ್ತಾರೆ. ಗಂಟಿನಿಂದ ನಾಲ್ಕು ಬೆರಳುದ್ದದ ಕವಲು ಹೊರಡಬೇಕು. ಉದ್ದವಾದರೆ ದಾರಕ್ಕೇ ಸುತ್ತಿಕೊಳ್ಳುತ್ತದೆ, ಗಿಡ್ಡವಾದರೆ ಹುಳ ನೀರಿನಲ್ಲಿ ಆಡುವುದಿಲ್ಲ. ಮೇಲಿನ ಕವಲಿಗೆ ತೇಲುವ ಹುಳ, ನಡುವಿನದಕ್ಕೆ ಈಜುವಂಥದ್ದು, ತುದಿಗೆ ಮುಳುಗುವಂಥ ಭಾರದ್ದು.

"ಒಂದು ಸಾಲ್ದಾ?" ಎಂದು ಕೇಳಿದ್ದೆ.

"ಪಂಕ್ತೀಲಿ ಕೂತೋರಿಗೆಲ್ಲ ಬರೀ ತಿಳಿಸಾರು ಬಡಿಸ್ತೀಯಾ ಅಮ್ಮಣ್ಣಿ? ಇವತ್ತು ಊಟ ಮೇಲ್ಗಡೆ ನಡೀತಿದ್ಯೋ ತಳದಲ್ಲೋ ಅಂತ ಮೀನೇ ಹೇಳ್ಬೇಕು" ಎಂದರು. ಮೂರನ್ನೂ ಒಟ್ಟಿಗೆ ಗಾಳಿಯಲ್ಲಿ ಬೀಸಿ, ಒಂದಕ್ಕೊಂದು ಸಿಕ್ಕಾಗದ ಹಾಗೆ ನೀರಿಗೆ ಇಳಿಸುವುದನ್ನು ನೋಡಬೇಕು. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ನನಗೆ ಸೇರದಿದ್ದದ್ದು ಒಂದೇ. ಪ್ರತಿ ಗಂಟನ್ನೂ ಬಿಗಿಯುವ ಮೊದಲು ಬಾಯಿಗೆ ಹಾಕಿಕೊಳ್ಳುವರು. "ಥೂ, ಎಂಜಲು. ಕೈ ತೊಳ್ಕೊಂಡು ಬನ್ನಿ" ಎಂದು ಈ ಹುಚ್ಚು ಹಿಡಿದಾಗಿನಿಂದ ಕೂಗಿದ್ದೇನೆ. ತೊಳೆದುಕೊಂಡು ಬರುವರು, ಮತ್ತೆ ಬಾಯಿಗೆ ಹಾಕುವರು. ನಮ್ಮದು ಎತ್ತು ಏರಿಗೆ, ಕೋಣ ನೀರಿಗೆ. ಅವರ ತಟ್ಟೆಯಲ್ಲಿ ಉಳಿದದ್ದನ್ನು ನಾನು ಒಂದು ದಿನವೂ ಮುಟ್ಟಿದವಳಲ್ಲ, ನಮ್ಮತ್ತೆ ಇದ್ದಾಗಲೂ ಮುಟ್ಟಲಿಲ್ಲ.

ಹೋದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು. ಅದರಿಂದ ಬಾಯಿ ಒಣಗುತ್ತದೆಂದು ಗಳಿಗೆಗೊಂದು ಗುಟುಕು ನೀರು ಕುಡಿಯುತ್ತಿರುತ್ತಾರೆ. ತೋಳು ಬೀಸುವುದಕ್ಕೆ ತೊಂದರೆಯಿಲ್ಲ, ಬೆರಳ ತುದಿಯ ಕೆಲಸ ಮಾತ್ರ ಹೋಯಿತು. ಈಗ ಕಾಫಿ ಲೋಟವನ್ನು ಅರ್ಧ ತುಂಬಿಸಿ ಕೊಡುತ್ತೇನೆ. ಕಿಟಕಿಯ ಹತ್ತಿರ ಕೂತು ಒಂದು ಗಂಟಿಗಾಗಿ ಮಧ್ಯಾಹ್ನವೆಲ್ಲ ಹೆಣಗಾಡುವರು. ನಾನು ಕಟ್ಟಿಕೊಡುತ್ತೇನೆ ಎಂದರೆ, "ಬೇಡ. ಎಸೆಯೋನೇ ಗಂಟು ಹಾಕ್ಬೇಕು. ಇನ್ನೊಬ್ರ ಗಂಟು ನಂಬ್ಕೊಂಡು ಮೀನು ನೋಯಿಸೋದು ನನ್ನಿಂದಾಗಲ್ಲ" ಎನ್ನುವರು. ಹಠ ಎಂದರೆ ಹಠ.

ಕೊನೆಗೊಂದು ದಿನ, "ಭಾನುವಾರ ಗಾಳದ ರಾಡ್‌ನ ಮಾಧವನಿಗೆ ಕೊಟ್ಬಿಡ್ತೀನಿ" ಎಂದರು. ಮಾಧವ ಅವರ ಜೊತೆ ಕೆಲಸದಲ್ಲಿದ್ದವರು. ಅರೆಕೆರೆ ದಾಟಿ ಬನ್ನೇರುಘಟ್ಟ ರಸ್ತೆಯಿಂದ ಒಳಗೆ ಅವರದೊಂದು ತೋಟ, ಅದರಲ್ಲೊಂದು ಕೊಳ. ಮಡಿಕೇರಿಯಿಂದ ಬಂದ ಮೇಲೆ ನಮ್ಮವರು ಗಾಳ ಹಾಕಿದ್ದೆಲ್ಲ ಅಲ್ಲೇ. ಆ ರಾಡ್ ಹೋದರೆ ಈ ಮನುಷ್ಯ ಕಿಟಕಿ ಬಿಟ್ಟು ಏಳುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಶನಿವಾರ ಅವರು ಗುಡ್ಡದ ದೇವಸ್ಥಾನಕ್ಕೆ ಹೋದದ್ದೇ ತಡ, ನೈಲಾನ್ ತೆಗೆದು ಕೂತೆ. ಇಷ್ಟು ವರ್ಷ ನೋಡಿದ್ದೇನಲ್ಲ, ಕುಚ್ಚು ಕಟ್ಟುವ ಬೆರಳಿಗೆ ಗಂಟು ಕಷ್ಟವೇ? ಮೊಳ ಅಳೆದೆ, ಕವಲು ಬಿಟ್ಟೆ, ಅವರೇ ಹಿಂದೆ ಮಾಡಿಟ್ಟಿದ್ದ ಹುಳಗಳನ್ನು ಕಟ್ಟಿದೆ. ನೋಡಿದರೆ ನನ್ನ ದೃಷ್ಟಿಯೇ ತಾಗುವಷ್ಟು ಅಂದವಾಗಿತ್ತು.

ಮರುದಿನ ಕೊಳದ ದಡದಲ್ಲಿ ಅದನ್ನು ಅವರ ಮುಂದೆ ಹಿಡಿದೆ. "ಕೊಡೋದು ಕೊಡ್ತೀರ, ಒಂದ್ಸಲ ಎಸೆದು ಕೊಡಿ" ಎಂದೆ.

ಅವರು ದಾರವನ್ನೇ ನೋಡಿದರು. "ನೀನು ಕಟ್ಟಿದ್ದಾ?"

"ಮತ್ತೆ ಗೌರಮ್ಮ ಕಟ್ತಾಳಾ?"

ಮಾಧವ ನಕ್ಕರು. "ಎಸೀ ಸೀನು. ಅತ್ತಿಗೆ ಇಷ್ಟು ಕಷ್ಟಪಟ್ಟಿದ್ದಾರೆ" ಎಂದು ಹೇಳಿ ದಾರವನ್ನು ತಾವೇ ಜೋಡಿಸಿದರು. ನಮ್ಮವರು ಒಲ್ಲದ ಮನಸ್ಸಿನಿಂದ ಎದ್ದು ಬೀಸಿದರು. ಆ ತೋಳಿಗೆ ಏನೂ ಆಗಿರಲಿಲ್ಲ. ಮೂರೂ ಹುಳ ಸಾಲಾಗಿ ನೀರಿಗಿಳಿದವು. ಸ್ವಲ್ಪ ಹೊತ್ತಿಗೆ ಜಿಲೇಬಿ ಮೀನೊಂದು ತುದಿಯ ಹುಳ ಕಚ್ಚಿ ಎಳೆಯಿತು, ರಾಡ್ ಬಾಗಿತು, ಅವರ ಮುಖ ಅರಳಿತು. ಮರುಕ್ಷಣ ದಾರ ಸಡಿಲವಾಯಿತು. ನನ್ನ ಮೊದಲ ಗಂಟೇ ತುಂಡಾಗಿತ್ತು, ಹುಳಗಳೊಂದಿಗೆ ಮೀನೂ ಹೋಗಿತ್ತು.

ರಾಡ್ ಉಳಿಸಲು ಹೋಗಿ ನಾನೇ ಅದನ್ನು ಕಳೆದೆ ಎಂದು ಕಣ್ಣಲ್ಲಿ ನೀರು ಬಂತು. "ಆ ಮೀನು ಸಾಯತ್ತಾ?" ಎಂದು ಕೇಳಿದೆ.

"ಇಲ್ಲ. ಕೊಕ್ಕೆಗೆ ಮುಳ್ಳಿಲ್ಲ, ಉದುರಿಸ್ಕೊಳತ್ತೆ." ಅವರು ತುಂಡಾದ ತುದಿಯನ್ನು ಬೆಳಕಿಗೆ ಹಿಡಿದರು. ಎಳೆ ಸುಟ್ಟ ಕೂದಲಿನಂತೆ ಮುರುಟಿತ್ತು. "ಒಣಗಂಟು ಎಳೆದಿದ್ದೀಯ. ತೇವ ಇಲ್ದಿದ್ರೆ ಉಜ್ಜಿ ಬಿಸಿಯಾಗಿ ಸೊರಗತ್ತೆ. ಬಾಯಿಗೆ ಹಾಕ್ಲಿಲ್ವಾ?"

"ನಾನ್ಯಾಕ್ರೀ ಬಾಯಿಗೆ ಹಾಕ್ಲಿ? ಅದು ನಿಮ್ಮ ಕೆಟ್ಟ ಅಭ್ಯಾಸ ಅಂದ್ಕೊಂಡಿದ್ದೆ. ರೇಷ್ಮೆ ಸೀರೆಗೆ ಎಂಜಲು ತಾಗಿಸಿದ್ರೆ ಅಂಗಡಿಯವ್ರು ಸುಮ್ನಿರ್ತಾರಾ?"

ಅವರು ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಆಮೇಲೆ ಚೀಲದಿಂದ ಹೊಸ ನೈಲಾನ್, ಬೇರೆ ಮೂರು ಹುಳ ತೆಗೆದು ನನ್ನ ಕೈಗಿಟ್ಟು, "ಕಟ್ಟು, ಬಿಗೀಬೇಡ" ಎಂದರು. ನಾನು ಸುರುಳಿ ಸುತ್ತಿ ಗಂಟನ್ನು ಸಡಿಲವಾಗಿ ಹಿಡಿದೆ. ಅವರು ಬಗ್ಗಿ ಅದನ್ನು ತುಟಿಗೆ ತಂದುಕೊಂಡರು. ತೆಗೆದು ನೋಡಿ ತಲೆಯಾಡಿಸಿದರು.

"ಮಾತ್ರೆಯಿಂದ ಬಾಯೆಲ್ಲ ಒಣಗಿದೆ. ಸಾಲ್ದು. ನೀನು ಹಾಕ್ಕೋ."

ಗಂಟು ಅವರ ಬಾಯಿಂದ ಆಗ ತಾನೇ ಬಂದದ್ದು. ಮಾಧವ ಇನ್ನೆಲ್ಲೋ ನೋಡತೊಡಗಿದರು. ನಾನು ಕಣ್ಣು ಮುಚ್ಚಿ ಅದನ್ನು ಬಾಯಿಗಿಟ್ಟುಕೊಂಡೆ. ಹೊರತೆಗೆದು ಎಳೆದಾಗ ಗಂಟು ಬೆಣ್ಣೆಯ ಹಾಗೆ ಜಾರಿ ಕೂತಿತು. ಉಳಿದದ್ದನ್ನೂ ಹಾಗೇ ಕಟ್ಟಿದೆವು. ಆಮೇಲೆ ನಡುವಿನ ಹುಳಕ್ಕೆ ಒಂದು ಮೀನು ಬಂತು, ದಾರ ಗಟ್ಟಿಯಾಗಿ ನಿಂತಿತು. ಮೀನು ಬಿಟ್ಟು ಕೈ ಒರೆಸಿಕೊಂಡು ಅವರು ರಾಡ್ ಮಡಿಸಿ ನಮ್ಮ ಚೀಲಕ್ಕೇ ಹಾಕಿದರು.

ಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದಾಗ ನನಗೆ ಹೊಳೆಯಿತು. ಅಷ್ಟು ದೊಡ್ಡ ಕೊಳ ಪಕ್ಕದಲ್ಲೇ ಇತ್ತಲ್ಲ. ಅಡುಗೆಮನೆಯಿಂದಲೇ ಕೇಳಿದೆ: "ಏನ್ರೀ, ಗಂಟನ್ನ ಕೊಳದ ನೀರಲ್ಲಿ ಅದ್ದಿದ್ರೆ ಆಗ್ತಿರ್ಲಿಲ್ವಾ?"

ರಾಡ್ ಒರೆಸುತ್ತ ಕೂತಿದ್ದವರು ತಲೆ ಎತ್ತಲಿಲ್ಲ.

"ಆಗ್ತಿತ್ತು" ಎಂದರು.