ಕೆಂಪು ಹಿಡಿಯದ ಕೋಶಗಳು

ಮೂಡುಬಿದಿರೆಯ ಆ ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ನಾನು ಶ್ರೀಗಂಧದ ಕೋಶಗಳನ್ನು ಗಾಜಿನ ಬಾಟ್ಲಿಗಳಲ್ಲಿ ಸಾಕಿದೆ. ಬೀಜವಿಲ್ಲದೆ, ಎಲೆಯ ಚೂರಿನಿಂದಲೇ ಗಿಡವಾಗಬಲ್ಲ ಭ್ರೂಣ ಹುಟ್ಟಿಸುವುದು ನಮ್ಮ ಕೆಲಸ. ಕೆಲವು ಕೋಶಗಳು ಭ್ರೂಣವಾಗುತ್ತಿದ್ದವು, ಉಳಿದವು ಗಿಡವಾಗದ ಬರೀ ಗಡ್ಡೆ. ಯಾವುದು ಏನಾಗುತ್ತದೆಂದು ಮೊದಲೇ ತಿಳಿಯುವ ದಾರಿ ಕಂಡುಕೊಂಡವಳು ನಾನು. ಕೋಶದ ಹೊರಮೈಯಲ್ಲಿ ಸಕ್ಕರೆ ಅಂಟಿಕೊಂಡ ಒಂದು ಪ್ರೋಟೀನ್ ಇರುತ್ತದೆ. ಅದನ್ನು ಹಿಡಿಯುವ ಬಣ್ಣ ಹಾಕಿದರೆ, ಭ್ರೂಣವಾಗುವ ಕೋಶ ಕೆಂಪೇರುತ್ತದೆ.

ಬಂಟ್ವಾಳದ ಸಭೆಯೊಂದರಲ್ಲಿ ನನ್ನ ಸಂಶೋಧನೆಯ ಗೈಡು ಅದನ್ನು ತಮ್ಮ ಶೋಧವೆಂದು ಓದಿದರು. ಪರದೆಯ ಮೇಲೆ ನಾನು ತೆಗೆದ ಚಿತ್ರಗಳು. ನನ್ನ ಹೆಸರು ಎಲ್ಲೂ ಇಲ್ಲ. ಊಟದ ಸಾಲಿನಲ್ಲಿ ಕೇಳಿಯೇಬಿಟ್ಟೆ.

“ನಿನಗೆ ಇನ್ನೂ ಪ್ರಾಯ ಉಂಟು ಮಾರಾಯ್ತಿ. ಇನ್ನೊಂದು ಪೇಪರ್ ಬರೆಯುವ,” ಎಂದು ಅವರು ಪಾಯಸಕ್ಕೆ ಕೈಚಾಚಿದರು.

ಆ ವಾರವೇ ರಾಜೀನಾಮೆ ಬರೆದೆ. ಬಾಟ್ಲಿಗಳನ್ನು ಒಪ್ಪಿಸುವ ಮುನ್ನ ಕೊನೆಯ ಸಲ ಬಣ್ಣ ಹಾಕಿದಾಗ ಕೆಂಪು ತೀರಾ ಮಸುಕಾಗಿತ್ತು. ಹಳೆಯ ಕೋಶಗಳನ್ನೇ ಮತ್ತೆ ಮತ್ತೆ ಬಾಟ್ಲಿ ಬದಲಿಸುತ್ತ ಹೋದರೆ ಹೀಗಾಗುತ್ತದೆ. ಬೆಳೆಯುತ್ತವೆ, ಭ್ರೂಣ ಮಾತ್ರ ಕೊಡುವುದಿಲ್ಲ. ಹೊಸ ಎಲೆಯಿಂದ ಶುರುಮಾಡಬೇಕು.

“ಎಲ್ಲ ಸರಿ ಉಂಟಲ್ಲ?” ಎಂದರು ಗೈಡು.

“ಎಲ್ಲದರಲ್ಲೂ ಜೀವ ಉಂಟು ಸರ್.”

ಸುಳ್ಳಲ್ಲ. ಕನ್ಯಾನದ ನನ್ನ ಮನೆ ತಲುಪುವವರೆಗೂ ಆ ಮಾತನ್ನು ಬಸ್ಸಿನಲ್ಲಿ ಚಪ್ಪರಿಸುತ್ತ ಕೂತಿದ್ದೆ.

ಎಂಟು ತಿಂಗಳ ಮೇಲೆ, ಮೊದಲೇ ಕೊಟ್ಟಿದ್ದ ಮಾತಿನಂತೆ, ಅವರು ಬೆಳ್ತಂಗಡಿಯ ಕೃಷಿಕರನ್ನು ಗಿಡ ತೋರಿಸಲು ಪ್ರಯೋಗಾಲಯಕ್ಕೆ ಕರೆದರೆಂದು ತಿಳಿಯಿತು. ನಾನೂ ಹೋಗಿ ಹಿಂದೆ ಕೂತೆ. ಸಾಲು ಬಾಟ್ಲಿ, ಒಳಗೆಲ್ಲ ಬಿಳಿ ಗಡ್ಡೆ.

“ಗಿಡ ಎಲ್ಲಿ ಉಂಟು?” ಎಂದರು ಒಬ್ಬ ಕೃಷಿಕರು.

ಗೈಡಿನ ಮುಖ ಕಪ್ಪಿಟ್ಟಿತು. ನನಗೆ ಹಬ್ಬ. ಅಷ್ಟರಲ್ಲಿ ಅವರು, ನನ್ನ ಜಾಗಕ್ಕೆ ಕಕ್ಕಿಂಜೆಯಿಂದ ಬಂದಿದ್ದ ಹೊಸ ಸಂಶೋಧಕಿಯತ್ತ ಬೆರಳು ಮಾಡಿದರು. “ಇವಳು ಸರಿ ನೋಡಿಕೊಳ್ಳಲಿಲ್ಲ.” ಅವಳು ತಲೆ ತಗ್ಗಿಸಿದಳು.

ನಾನು ಎದ್ದು ನಿಂತೆ. “ಅವಳದ್ದು ತಪ್ಪಿಲ್ಲ. ನಾನು ಹೋಗುವಾಗಲೇ ಈ ಕೋಶಗಳ ಕೆಂಪು ಹೋಗಿತ್ತು. ನಿಮ್ಮದೇ ಶೋಧ ಅಲ್ವಾ ಸರ್, ಒಮ್ಮೆಯಾದರೂ ಬಣ್ಣ ಹಾಕಿ ನೋಡಿದ್ದೀರಾ?”

“ಆಗಲೇ ಹೇಳಬಹುದಿತ್ತಲ್ಲ!”

“ಹೇಳಬಹುದಿತ್ತು. ಹೇಳಲಿಲ್ಲ.”

ಸಭೆಯಲ್ಲಿ ಯಾರೋ ನಕ್ಕರು. ಆ ನಗುವಿಗಾಗಿಯೇ ನಾನು ಎಂಟು ತಿಂಗಳು ಕಾದಿದ್ದೆ.

ಹೊರಗೆ ಆ ಹುಡುಗಿ ನನ್ನನ್ನು ತಡೆದಳು. “ಅಷ್ಟು ದಿನ ದಿನಾ ಬೈಗುಳ ತಿಂದದ್ದು ನಾನು ಅಕ್ಕ.”

ಮುಂದಿನ ಭಾನುವಾರಗಳಲ್ಲಿ ಅವಳಿಗೆ ಹೊಸ ಎಲೆಯಿಂದ ಶುರುಮಾಡುವುದನ್ನು ಕಲಿಸಿದೆ. ಆ ಮಳೆಗಾಲ ಮುಗಿಯುವ ಮೊದಲು ಅವಳ ಬಾಟ್ಲಿಯಲ್ಲಿ ಭ್ರೂಣಗಳು ಬಂದವು. ಗೈಡು ಈಗಲೂ ಅದೇ ಕುರ್ಚಿಯಲ್ಲಿದ್ದಾರೆ, ಸಭೆಗಳಿಗೆ ಮಾತ್ರ ಯಾರೂ ಕರೆಯುವುದಿಲ್ಲ. ಅವರಿಗೆ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವಳ ಎಂಟು ತಿಂಗಳಿಗೆ ಉಂಟು.