ಇಬ್ಬರಿಗೂ ಆಯ್ತು ಎಂದವನ ಎಂಜಿನ್

ನನ್ನ ತಮ್ಮ ಹಯವದನನ ಬಾಯಿಗೆ ‘ಬೇಡ’ ಎನ್ನುವ ಮಾತು ಬರುವುದಿಲ್ಲ. ಉಡುಪಿ ಕಡೆಯಿಂದ ಬಂದು ವಡೋದರಾದ ಗೋರ್ವಾದಲ್ಲಿ ಹೋಟೆಲು ಇಟ್ಟು ಮೂವತ್ತು ವರ್ಷದ ಮೇಲಾಯಿತು. ಗಿರಾಕಿ ಸಾಂಬಾರಿಗೆ ಬೆಲ್ಲ ಹಾಕಿ ಅಂದರೆ ಆಯ್ತು. ಬೆಲ್ಲ ಯಾಕೆ ಹಾಕಿದಿರಿ ಅಂದರೆ ಅದಕ್ಕೂ ಆಯ್ತು. ಒಬ್ಬ ಪುಣ್ಯಾತ್ಮ ಮಸಾಲೆ ದೋಸೆಗೆ ಬಟಾಟೆ ಬದಲು ಕಡಲೆಹಿಟ್ಟಿನ ಸೇವ್ ತುಂಬಿಸಿ ಕೊಡಿ ಅಂದ, ಇವನು ಕೊಟ್ಟ. ಆ ದೋಸೆಯ ಮುಖವನ್ನು ನಾನು ನೋಡಲಿಲ್ಲ. ಪ್ರೀತಿಯ ತಮ್ಮನೇ ಹೌದು, ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದ್ದೇನೆ. ಆಗಲೇ ಒಮ್ಮೆ ಬೆನ್ನು ತಡವಿ ನೋಡಬೇಕಿತ್ತು, ಒಳಗೆ ಮೂಳೆ ಉಂಟೋ ಇಲ್ಲವೋ ಅಂತ.

ಅವರದ್ದೊಂದು ಡೀಸೆಲ್ ಗಾಡಿ, ಮೂರು ಲಕ್ಷ ಕಿಲೋಮೀಟರ್ ದಾಟಿದ್ದು. ಅದನ್ನು ಓಡಿಸುವವಳು ಅವನ ಹೆಂಡತಿ ಊರ್ಮಿಳಾ. ಇವನು ಪಕ್ಕದಲ್ಲಿ ಕೂತು ಎದುರು ಬರುವ ಲಾರಿಗಳಿಗೆ ಕೈಮುಗಿಯುತ್ತಾನೆ. ಊರ್ಮಿಳೆಗೆ ಬಸ್ಸಾಗಲಿ ರೈಲಾಗಲಿ, ಬೇರೆ ಯಾರು ಓಡಿಸಿದರೂ ವಾಂತಿ. ಸ್ಟೇರಿಂಗು ತನ್ನ ಕೈಯಲ್ಲಿದ್ದರೆ ಮಾತ್ರ ಹೊಟ್ಟೆ ಸುಮ್ಮನಿರುತ್ತದೆ. ಗಂಡನ ವಿಷಯದಲ್ಲೂ ಹಾಗೆಯೇ ಅನ್ನಿ.

ಆ ಗಾಡಿ ಹಿಂದಿನಿಂದ ನೀಲಿ ಹೊಗೆ ಬಿಡಲು ಶುರುಮಾಡಿತು. ಡೀಸೆಲಿನ ಜೊತೆ ಎಂಜಿನ್ ಆಯಿಲನ್ನೂ ಕುಡಿಯುತ್ತಿತ್ತು. ಫ್ಲೈಓವರ್ ಹತ್ತುವಾಗ ಸೈಕಲ್ಲಿನವನೂ ನಮ್ಮನ್ನು ತಿರುಗಿ ನೋಡಿ ಮುಂದೆ ಹೋಗುತ್ತಿದ್ದ. ಆಗಲೇ ಸೂರತ್ತಿನಲ್ಲಿ ಅವರ ಮಗಳು ನಿಕಿತಾ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ತೋರಿಸುವ ಡಾಕ್ಟರು ಸೂರತ್ತಿನವರು ಎಂದು ಅವಳು ಅಲ್ಲೇ ನಿಂತಳು. ಫೋನಿನಲ್ಲಿ ಅವಳದ್ದು ಒಂದೇ ಮಾತು: “ಮಮ್ಮಿ, ಪೇನ್ ಸ್ಟಾರ್ಟ್ ಆದಾಗ ನೀನು ಬೇಕು. ಪ್ರಾಮಿಸ್?”

“ಪ್ರಾಮಿಸ್ ಮಗಾ,” ಎಂದಳು ಊರ್ಮಿಳಾ. ಫೋನಿಟ್ಟು ಗಂಡನ ಕಡೆ ತಿರುಗಿದಳು. “ಕೇಳಿದ್ರಲ್ಲ? ಗಾಡಿಯ ಎಂಜಿನ್ನಿಗೆ ಎಂತ ಮಾಡುದು ಅಂತ ಈ ವಾರದಲ್ಲಿ ಹೇಳಿ.”

“ಆಯ್ತು,” ಎಂದ ಇವನು. ಮತ್ತೇನು ಹೇಳುತ್ತಾನೆ!

ಈಗ ಪಟ್ಟಾಭಿರಾಮ ಎಂಬ ಮಹಾಶಯರು ಬರುತ್ತಾರೆ. ಮೈಸೂರಿನವರು, ಕೊಯಾಲಿಯ ಎಣ್ಣೆ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ರಿಟೈರಾದವರು. ದಿನಾ ಬೆಳಿಗ್ಗೆ ಗಲ್ಲಾದ ಪಕ್ಕದ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಾ ಲೋಕಕ್ಕೆಲ್ಲ ಬುದ್ಧಿ ಹೇಳುತ್ತಾರೆ. ಅವರ ಸ್ವಂತ ಕಾರು ಮಾತ್ರ ಕವರು ಹೊದ್ದು ಮನೆಮುಂದೆ ಮಲಗಿದೆ, ಎಬ್ಬಿಸಿದವರಿಲ್ಲ. ನಮ್ಮ ಗಾಡಿಯ ಸುದ್ದಿ ಕೇಳಿದ್ದೇ ಒದ್ದೆ ಬೆರಳಲ್ಲಿ ಟೇಬಲ್ಲಿನ ಮೇಲೆ ಪಿಸ್ಟನ್ನಿನ ಚಿತ್ರ ಬರೆದರು.

“ಏನ್ ಭಟ್ರೇ, ಇಷ್ಟು ಓಡಿರೋ ಎಂಜಿನ್ನ ರಿಪೇರಿ ಮಾಡಿಸ್ತೀರಾ? ಮುದುಕ್ರಿಗೆ ಹಲ್ಲು ಕಟ್ಸಿದ ಹಾಗೆ ಕಣ್ರೀ ಅದು. ಅದೇ ಕಂಪನಿಯ ದೊಡ್ಡ ಟರ್ಬೋ ಎಂಜಿನ್ ಒಂದಿದೆ, ಅಹಮದಾಬಾದಲ್ಲಿ, ನನ್ನ ಪರಿಚಯದವನ ಹತ್ರ. ಹಳೇದು ತೆಗೆದು ಇದನ್ನ ಕೂರ್ಸಿದ್ರೆ ಮುಗೀತು. ಹುಲಿ ಥರ ಹೋಗತ್ತೆ!”

ನಾನು ಅಲ್ಲೇ ಕೂತು, ಕಟ್ಟಿಸಿದ ಹಲ್ಲಿನಲ್ಲಿ ಚಕ್ಕುಲಿ ಕಡಿಯುತ್ತಿದ್ದೆ. ಬೇಕೆಂದೇ ಸ್ವಲ್ಪ ಜೋರಾಗಿ ಕಡಿದೆ.

“ಆಯ್ತು ಸಾರ್,” ಎಂದ ನನ್ನ ತಮ್ಮ.

ಸಂಜೆ ಚಹಾಕ್ಕೆ ಬಂದವನು ಗ್ಯಾರೇಜಿನ ಕಿರೀಟ್‌ಭಾಯ್. “ಭಟ್‌ಜೀ, ಎಂಜಿನ್ ಖೋಲ್ ದೂಂ? ಪಿಸ್ಟನ್, ರಿಂಗ್, ಬೇರಿಂಗ್, ಸಬ್ ನಯಾ ಡಾಲ್ ದೇಂಗೇ.” ಅಂದರೆ ಇದ್ದ ಎಂಜಿನನ್ನೇ ಬಿಚ್ಚಿ, ಸವೆದ ಸಿಲಿಂಡರ್ ಕೊರೆಸಿ, ಒಳಗಿನದೆಲ್ಲ ಹೊಸದು ಹಾಕುವುದು.

“ಆಯ್ತು, ಖೋಲೋ,” ಎಂದ ಇವನು.

ನನಗೆ ತಡೆಯಲಾಗಲಿಲ್ಲ. “ಅಲ್ಲ ಮಾರಾಯಾ, ಬೆಳಿಗ್ಗೆ ಅವ್ರಿಗೆ ಆಯ್ತು ಅಂದಿ. ಈಗ ಇವ್ನಿಗೂ ಆಯ್ತು! ಒಂದು ಗಾಡಿಗೆ ಎರಡು ಎಂಜಿನ್ನಾ?”

“ಇಬ್ರೂ ದಿನಾ ಬರುವವ್ರು ಅಕ್ಕ. ಮುಖ ನೋಡಿ ಬೇಡ ಅಂತ ಹೇಗೆ ಹೇಳುದು? ಒಬ್ರಾದ್ರೂ ಮರೀತಾರೆ ಬಿಡು.”

ಮರೆಯಲು ಅವರೇನು ಇವನಂಥವರೇ? ಕಿರೀಟ್‌ಭಾಯ್ ಗಾಡಿ ಒಯ್ದು ಎಂಜಿನ್ ಬಿಚ್ಚಿದ. ಅತ್ತ ಅಹಮದಾಬಾದಿನಿಂದ ಗೋಣಿ ಸುತ್ತಿದ ದೊಡ್ಡ ಎಂಜಿನೊಂದು ಟೆಂಪೋದಲ್ಲಿ ಬಂದು ಹೋಟೆಲಿನ ಹಿತ್ತಲಲ್ಲಿ ಇಳಿಯಿತು. ಪಾತ್ರೆ ತೊಳೆಯುವವಳು ಅದರ ಮೇಲೆ ಬಟ್ಟೆ ಒಣಹಾಕಿದಳು. ಆ ಎಂಜಿನ್ ಮಾಡಿದ ಉಪಕಾರ ಅಷ್ಟೇ. ಸುದ್ದಿ ಗ್ಯಾರೇಜಿಗೆ ಮುಟ್ಟಿದ್ದೇ ಕಿರೀಟ್‌ಭಾಯ್ ಕೆಲಸ ನಿಲ್ಲಿಸಿದ. ಯಾವುದು ಬೇಕೆಂದು ಮೊದಲು ಹೇಳಿ, ಆಮೇಲೆ ಕೈ ಹಾಕುತ್ತೇನೆ ಎಂದ. ತಪ್ಪೇನಿದೆ? ನನ್ನ ತಮ್ಮ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟ. ತರಕಾರಿಗೆ ಸುತ್ತುಬಳಸಿ ಹೋಗುತ್ತಿದ್ದ. ಹೀಗೆ ಒಂದು ತಿಂಗಳು ಹಾಳಾಯಿತು. ಗ್ಯಾರೇಜಿನಲ್ಲಿ ಗಾಡಿ ಬಾಯಿ ತೆರೆದು ನಿಂತಿತ್ತು, ಸೂರತ್ತಿನಲ್ಲಿ ಹುಡುಗಿಗೆ ದಿನ ತುಂಬುತ್ತಿತ್ತು.

ಕೊನೆಗೆ ಊರ್ಮಿಳಾ ನನ್ನನ್ನು ಕರೆದುಕೊಂಡು ತಾನೇ ಗ್ಯಾರೇಜಿಗೆ ನಡೆದಳು. ದೊಡ್ಡ ಎಂಜಿನ್ ಕೂರಿಸಬೇಕಾದರೆ ಮತ್ತೇನೇನು ಬದಲಾಯಿಸಬೇಕು ಎಂದು ಕೇಳಿದಳು. ಕ್ಲಚ್ಚು, ರೇಡಿಯೇಟರು, ಬಹುಶಃ ಗೇರ್‌ಬಾಕ್ಸೂ. ಮೇಲಿಂದ ಆರ್‌ಟಿಒ ಪರವಾನಗಿ. ಹುಲಿ ಬರುವುದಿದ್ದರೆ ಕಾಡನ್ನೂ ತರಬೇಕಂತೆ! ಊರ್ಮಿಳಾ ಅಲ್ಲೇ ನಿಂತು ಹಳೆಯದನ್ನೇ ಕಟ್ಟಲು ಹೇಳಿದಳು. ಮನೆಗೆ ಬಂದು ಗಂಡನ ಎದುರು ನಿಂತಳು.

“ನಾನು ಹೇಳಿ ಬಂದೆ. ಪಟ್ಟಾಭಿರಾಮರಿಗೆ ಮಾತ್ರ ನೀವೇ ಹೇಳ್ಬೇಕು.”

“ನೀನೇ ಹೇಳು ಮಾರಾಯ್ತಿ...”

“ಆಯ್ತು ಅಂದದ್ದು ನಾನಾ?”

ಮರುದಿನ ಅವನು ತಾನೇ ಕಾಫಿ ಹಿಡಿದು ಹೋದ. ಲೋಟವನ್ನು ಪಟ್ಟಾಭಿರಾಮರ ಮುಂದಿಟ್ಟ. “ಸಾರ್, ಅದು... ಬೇಡ.”

“ಏನು, ಚಟ್ನಿನಾ? ಬೇಡ, ನಾನೇನೂ ಕೇಳ್ಲಿಲ್ವಲ್ಲ.”

“ಎಂಜಿನ್ ಬೇಡ ಸಾರ್.”

ಅವರು ಅರ್ಧ ಕಾಫಿ ಬಿಟ್ಟು ಎದ್ದರು. ಮಧ್ಯಾಹ್ನ ಟೆಂಪೋ ಬಂದು ಎಂಜಿನ್ ಒಯ್ಯಿತು. ಎರಡು ದಿನ ಬಿಟ್ಟು ಅವರು ಅದೇ ಟೇಬಲ್ಲಿಗೆ ಬಂದು ಕೂತು, “ಡಿಕಾಕ್ಷನ್ ನೀರಾಗಿದೆ ಭಟ್ರೇ,” ಎಂದರು. ಇಷ್ಟಕ್ಕೆ ನನ್ನ ತಮ್ಮ ಒಂದು ತಿಂಗಳು ಅಡಗಿ ಓಡಾಡಿದ್ದು!

ಗಾಡಿ ಕೈಗೆ ಬಂದಾಗ ಕಿರೀಟ್‌ಭಾಯ್ ಹೇಳಿದ: “ಬೆನ್, ಅಭೀ ಪಚಾಸ್ ಸೇ ಊಪರ್ ಮತ್ ಜಾನಾ.” ಹೊಸದಾಗಿ ಕಟ್ಟಿದ ಎಂಜಿನ್ ಮೊದಲ ಸಾವಿರ ಕಿಲೋಮೀಟರ್ ಐವತ್ತು ಮೀರದೆ ಮೆಲ್ಲಗೆ ಓಡಬೇಕು, ಆಗಲೇ ಹೊಸ ರಿಂಗುಗಳು ಸಿಲಿಂಡರಿಗೆ ಒಗ್ಗುವುದು. ತಿಂಗಳ ಮೊದಲೇ ಆಗಿದ್ದರೆ ಆ ಸಾವಿರ ಎಂದೋ ಮುಗಿಯುತ್ತಿತ್ತು. ಮಾರನೆಯ ಬೆಳಿಗ್ಗೆಯೇ ಅಳಿಯನ ಫೋನು: ನೋವು ಶುರುವಾಗಿದೆ. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಎರಡು ವಾರವಿತ್ತು. ಮಗುವಿಗೆ ಅದೆಲ್ಲ ಯಾರು ಹೇಳಿದ್ದಾರೆ!

ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಮೈಗೆ ಹಚ್ಚುವ ಎಣ್ಣೆಯ ಡಬ್ಬಿ, ಪಕ್ಕದಲ್ಲಿ ಬಾಣಂತಿಯ ಔಷಧಿಯ ಗಂಟು. ಹೈವೇಯಲ್ಲಿ ಐವತ್ತು. ಹುಲ್ಲಿನ ಲಾರಿಯೂ ಹಾರನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಭರೂಚ್ ಬರುವಷ್ಟರಲ್ಲಿ ಊರ್ಮಿಳೆಯ ತುಟಿ ಬಿಳಿಚಿತ್ತು. ಕಾಲು ಎಕ್ಸಿಲರೇಟರ್ ಒತ್ತಲು ಹೋಗುವುದು, ಹಿಂದೆ ಬರುವುದು. ಒತ್ತಿದರೆ ಎಂಜಿನ್ ನಡುದಾರಿಯಲ್ಲೇ ಹಿಡಿದುಕೊಂಡು ನಿಂತೀತು ಎಂಬ ಭಯ. “ಸ್ವಲ್ಪ ಜೋರು ಬಿಡ್ತೀಯಾ?” ಎಂದ ಇವನು. ಅವಳು ಐವತ್ತರಲ್ಲೇ ಬಿಟ್ಟಳು.

ಆಸ್ಪತ್ರೆ ಮುಟ್ಟುವಾಗ ಮಗು ಹುಟ್ಟಿ ಒಂದು ಗಂಟೆಯಾಗಿತ್ತು. ಹೆಣ್ಣು. ಆರೋಗ್ಯವಾಗಿತ್ತು, ಅಷ್ಟು ಪುಣ್ಯ. ನಿಕಿತಾ ಅಮ್ಮನ ಕೈ ಹಿಡಿದು ಅತ್ತಳು.

“ಮಮ್ಮಿ, ನೀನು ಪ್ರಾಮಿಸ್ ಮಾಡಿದ್ದೆ ಅಲ್ಲಾ. ಇತ್ನಾ ಲೇಟ್ ಯಾಕೆ?”

ಊರ್ಮಿಳಾ ಅವಳ ಕೂದಲು ಸರಿಮಾಡಿದಳು. ಇವನು ಬಾಗಿಲ ಹತ್ತಿರ ನಿಂತಿದ್ದ. ಲಾರಿ ಅಡ್ಡ ಬಂತು, ಭರೂಚಿನಲ್ಲಿ ಟ್ರಾಫಿಕ್ಕು ಅಂತ ಏನೋ ಒಂದು ಹೊಸೆಯುತ್ತಾನೆ ಎಂದು ನಾನು ಕಾದೆ.

“ನನ್ನಿಂದ ಮಗಾ,” ಎಂದ. “ಬೇಡ ಅನ್ಬೇಕಿತ್ತು. ನಾನು ಇಬ್ರಿಗೂ ಆಯ್ತು ಅಂದೆ.”

ಅವಳಿಗೆ ಏನೂ ಅರ್ಥವಾಗಲಿಲ್ಲ. ಊರ್ಮಿಳೆಗೆ ಆಯಿತು. ಎದ್ದು ಮಗುವನ್ನು ತಂದು ಅವನ ಕೈಯಲ್ಲಿಟ್ಟಳು. “ತಲೆ ಸರಿ ಹಿಡ್ಕೊಳ್ಳಿ,” ಎಂದು ಗದರಿಸಿದಳು.